ಮಾಗಡಿ ರಸ್ತೆಯಿಂದ ಪರಪ್ಪನ ಅಗ್ರಹಾರದವರೆಗೆ



ವಿಜಯನಗರದ ಟೋಲ್‌ಗೇಟಿನಿಂದ ಮಾಗಡಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಬಲಗಡೆ ಬಸವೇಶ್ವರನಗರ, ಎಡಗಡೆ ವಿಜಯನಗರದ ಬಡಾವಣೆಗಳು. ಕಾಮಾಕ್ಷಿಪಾಳ್ಯ ದಾಟಿ ಸುಮನಹಳ್ಳಿಯತ್ತ ಬಂದರೆ ಬಹಳ ವಿಸ್ತಾರವಾದ ಒಂದು ಸರ್ಕಾರಿ ಜಾಗ ಸಿಗುತ್ತದೆ. ಅದಕ್ಕೆ ಕಾಗದದ ಮೇಲೆ ನಿರಾಶ್ರಿತರ ಪರಿಹಾರ ಕೇಂದ್ರ ಎಂದು ಹೆಸರು. ಬಸ್ ಕಂಡಕ್ಟರಿಂದ ಹಿಡಿದು ಆಟೋ ಚಾಲಕರವರೆಗೆ ಎಲ್ಲರೂ ಹೇಳುವುದು ಬೆಗ್ಗರ್ಸ್ ಕಾಲೋನಿ ಅಂತ. ಇದೇ ರಸ್ತೆಯಲ್ಲಿ ಸರ್ಕಾರದ ಕುಷ್ಠರೋಗ ಆಸ್ಪತ್ರೆ ಇದೆ. 1977ರಲ್ಲಿ ಕುಷ್ಠರೋಗಿಗಳ ಪುನರ್ವಸತಿಗಾಗಿ ಹುಟ್ಟಿದ ಸುಮನಹಳ್ಳಿ ಸಂಸ್ಥೆಯೂ ಇಲ್ಲೇ ಇದೆ. ರಾಜಾಜಿನಗರ, ವಿಜಯನಗರಗಳು ಇನ್ನೂ ಇಷ್ಟು ಬೆಳೆಯದಿದ್ದ ಕಾಲದಲ್ಲಿ ಇದು ಊರಾಚೆ. ಊರೊಳಗೆ ಬೇಡವಾದವರನ್ನು ಬೆಂಗಳೂರು ಒಬ್ಬೊಬ್ಬರನ್ನಾಗಿ ಈ ಊರಾಚೆಗೆ ತಂದಿಟ್ಟಿತು. ಆಮೇಲೆ ಊರೇ ಬೆಳೆದು ಅವರನ್ನು ಸುತ್ತುವರಿಯಿತು.

ಇವತ್ತಿನ ಭಾಷಣದ ವಿಷಯ ಸೆರೆಮನೆಯಲ್ಲಿರುವ ಬುದ್ಧಿಮಾಂದ್ಯರು ಮತ್ತು ಮನಸ್ಸಿನ ಕಾಯಿಲೆಯವರು. ಜೈಲಿನ ಮಾತು ಆಡಬೇಕಾದಾಗ ಭಿಕ್ಷುಕರ ಕೇಂದ್ರದಿಂದ ಯಾಕೆ ಶುರುಮಾಡಿದೆ ಎಂದು ನೀವು ಕೇಳಬಹುದು. ಅಪರಾಧ ಮಾಡಿ ಬಂಧನಕ್ಕೆ ಒಳಗಾದವರು ಮತ್ತು ಅಪರಾಧವನ್ನೇ ಮಾಡದೆ ಬಂಧನಕ್ಕೆ ಒಳಗಾದವರು, ಈ ಎರಡು ಕಥೆಗಳೂ ಈ ನಾಡಿನಲ್ಲಿ ಒಟ್ಟೊಟ್ಟಿಗೇ ನಡೆದು ಬಂದಿವೆ. ಮನಸ್ಸು ಸರಿಯಿಲ್ಲದ ಮನುಷ್ಯ, ಬುದ್ಧಿ ಬೆಳೆಯದ ಮನುಷ್ಯ ಇವೆರಡೂ ಕಥೆಗಳಲ್ಲಿ ಬರುತ್ತಾನೆ.

ಮೊದಲು ಬೆಂಗಳೂರಿನ ಹಳೆಯ ಇತಿಹಾಸ ನೋಡೋಣ. 1847ರಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಕಮಿಷನ್ನಿನ ಸರ್ಜನ್ ಆಗಿದ್ದ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಬೆಂಗಳೂರಿನಲ್ಲಿ ಒಂದು ಹುಚ್ಚಾಸ್ಪತ್ರೆ ಆರಂಭಿಸಿದ. ಇಂದಿನ ನಿಮ್ಹಾನ್ಸಿನ ಬೇರು ಇರುವುದು ಅಲ್ಲಿ. ಆ ಕಾಲದ ಆಸ್ಪತ್ರೆ ಅರ್ಧ ಚಿಕಿತ್ಸೆಯ ಮನೆ, ಇನ್ನರ್ಧ ಕಾವಲಿನ ಮನೆ. ಬೀದಿಯಲ್ಲಿ ಅಲೆಯುತ್ತಿದ್ದವನನ್ನು ಪೊಲೀಸರು ಹಿಡಿದು ತರುತ್ತಿದ್ದರು, ಮ್ಯಾಜಿಸ್ಟ್ರೇಟರು ಆದೇಶ ಕೊಡುತ್ತಿದ್ದರು. ಬಾಗಿಲು ತೆರೆಯುವ, ಮುಚ್ಚುವ ಅಧಿಕಾರ ವೈದ್ಯನಿಗಿಂತ ಹೆಚ್ಚಾಗಿ ಕಾನೂನಿನ ಕೈಯಲ್ಲಿತ್ತು.

ಅಪರಾಧದ ಆರೋಪ ಹೊತ್ತ ಮತಿಗೆಟ್ಟವನನ್ನು ಅಳೆಯುವ ಕಾನೂನಿನ ಬೀಜ ಬಿದ್ದದ್ದು ಲಂಡನ್ನಿನಲ್ಲಿ, 1843ರಲ್ಲಿ. ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲರ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ. ಮತಿ ಕೆಟ್ಟವನೆಂದು ಅವನನ್ನು ಖುಲಾಸೆ ಮಾಡಿದಾಗ ಇಂಗ್ಲೆಂಡಿನಲ್ಲಿ ದೊಡ್ಡ ಗದ್ದಲವೆದ್ದಿತು. ಆಗ ನ್ಯಾಯಾಧೀಶರು ಒಂದು ಅಳತೆಗೋಲು ನಿಗದಿ ಮಾಡಿದರು. ಕೃತ್ಯ ನಡೆದ ಗಳಿಗೆಯಲ್ಲಿ ತಾನೇನು ಮಾಡುತ್ತಿದ್ದೇನೆಂದು ಅವನಿಗೆ ತಿಳಿದಿತ್ತೇ? ಅದು ತಪ್ಪೆಂದು ತಿಳಿದಿತ್ತೇ? 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಮಿಗೆ ಇದೇ ಅಳತೆಗೋಲು ಬಂತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಲ್ಲೂ ಅದೇ ಉಳಿದಿದೆ. ನೂರೆಂಬತ್ತು ವರ್ಷ ಹಳೆಯದಾದ ಈ ಪ್ರಶ್ನೆಯನ್ನು ಬುದ್ಧಿಮಾಂದ್ಯನಾದ ಒಬ್ಬ ಹುಡುಗನ ಮುಂದೆ ಇಟ್ಟು ನೋಡಿ. 'ಕದಿಯೋದು ತಪ್ಪು ಅಂತ ಗೊತ್ತಿತ್ತೇನಪ್ಪ?' ಎಂದರೆ 'ಗೊತ್ತಿತ್ತು' ಎನ್ನುತ್ತಾನೆ. ತಪ್ಪು ಎಂಬ ಮಾತು ಅವನಿಗೆ ಚಿಕ್ಕಂದಿನಿಂದ ಗೊತ್ತು. ಜೊತೆಗಿದ್ದವರು ಅವನ ಕೈಗೆ ಕೊಟ್ಟ ಚೀಲದಲ್ಲಿ ಏನಿತ್ತು, ಆ ಚೀಲ ಹಿಡಿದು ಬೀದಿಯ ತುದಿಯಲ್ಲಿ ನಿಲ್ಲಿಸಿದ್ದು ಯಾಕೆ ಎಂಬುದು ಅವನಿಗೆ ತಿಳಿಯದು. ಅಳತೆಗೋಲು ಅದನ್ನು ಕೇಳುವುದೇ ಇಲ್ಲ.

1912ರ ಭಾರತೀಯ ಹುಚ್ಚರ ಕಾಯ್ದೆ ಮನಸ್ಸಿನ ಕಾಯಿಲೆಯವರನ್ನೂ ಹುಟ್ಟಿನಿಂದ ಬುದ್ಧಿ ಬೆಳೆಯದವರನ್ನೂ ಒಂದೇ ವ್ಯಾಖ್ಯೆಯೊಳಗೆ ಸೇರಿಸಿತ್ತು. ಇವೆರಡೂ ಬೇರೆ ಬೇರೆ ಸ್ಥಿತಿಗಳು. ಸ್ಕಿಜೋಫ್ರೇನಿಯಾ, ಖಿನ್ನತೆ, ಬೈಪೋಲಾರ್ ಕಾಯಿಲೆಗಳು ಬರುತ್ತವೆ, ಔಷಧದಿಂದ ಹತೋಟಿಗೆ ಬರುತ್ತವೆ, ಎಷ್ಟೋ ಜನರಲ್ಲಿ ವಾಸಿಯೂ ಆಗುತ್ತವೆ. ಬುದ್ಧಿಮಾಂದ್ಯ ಎಂಬುದು ಬೆಳವಣಿಗೆಯ ವಯಸ್ಸಿನಲ್ಲೇ ಕಾಣಿಸಿಕೊಂಡು ಬಾಳಿಡೀ ಜೊತೆಗಿರುವ ಸ್ಥಿತಿ. ಅದಕ್ಕೆ ಮಾತ್ರೆ ಇಲ್ಲ. ಬೇಕಾದದ್ದು ಕಲಿಸುವ ತಾಳ್ಮೆ ಮತ್ತು ಪಕ್ಕದಲ್ಲಿ ಒಬ್ಬರ ಆಸರೆ. ಇಬ್ಬರನ್ನೂ ಒಂದೇ ಕೋಣೆಗೆ ತಳ್ಳಿದ ಕಾಯ್ದೆ ಸುಮಾರು ಎಂಬತ್ತು ವರ್ಷ ಜಾರಿಯಲ್ಲಿತ್ತು.

ಅದೇ ಹೊತ್ತಿನಲ್ಲಿ ನಮ್ಮ ಕನ್ನಡ ನಾಡಿನಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. ಬುದ್ಧಿಯನ್ನು ಅಳೆಯುವ ಬಿನೆ ಪರೀಕ್ಷೆ ಫ್ರಾನ್ಸಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ತಿದ್ದುಪಡಿ ಆಗಿತ್ತು. ಅದರಲ್ಲಿದ್ದದ್ದೆಲ್ಲ ಅಲ್ಲಿಯ ಮಕ್ಕಳಿಗೆ ಗೊತ್ತಿರುವ ಪ್ರಶ್ನೆಗಳು. ಡಾ. ವಿ.ವಿ. ಕಾಮತ್ ಅದನ್ನು ಧಾರವಾಡ ಸೀಮೆಯ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ, 1934ರ ಹೊತ್ತಿಗೆ ಹೊಸದಾಗಿ ರೂಪಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದೇ ಅದು ದೇಶದಾದ್ಯಂತ ಹೆಸರಾಯಿತು. ಇಂದಿಗೂ ಮಗುವಿನ ಬುದ್ಧಿಮಾಂದ್ಯದ ಪ್ರಮಾಣಪತ್ರಕ್ಕೆ ಹೋದ ಎಷ್ಟೋ ತಂದೆತಾಯಿಗಳು ಆ ಹೆಸರನ್ನು ಕೇಳಿರುತ್ತಾರೆ. ಒಬ್ಬ ಮನುಷ್ಯನ ಬುದ್ಧಿಶಕ್ತಿ ಎಷ್ಟು ಎಂದು ಅವನ ಮಾತಿನಲ್ಲೇ ಕೇಳಿ ತಿಳಿಯುವ ಉಪಾಯ ಕನ್ನಡಿಗರ ಕೈಯಲ್ಲಿ ತೊಂಬತ್ತು ವರ್ಷಗಳಿಂದ ಇದೆ. ಶಾಲೆಗೆ ಅದು ಹೋಯಿತು, ಆಸ್ಪತ್ರೆಗೆ ಹೋಯಿತು. ಪೊಲೀಸ್ ಠಾಣೆಯ ಹೊಸಿಲು ದಾಟಲಿಲ್ಲ ಎಂಬುದು ನನ್ನ ಎದೆಯನ್ನು ಬಹಳ ದಿನಗಳಿಂದ ಕೊರೆಯುತ್ತಿರುವ ಸಂಗತಿ.

ಈಗ ಜೈಲಿನ ಕಡೆಗೆ ಬರೋಣ. ಹಿಂದೆ ಬೆಂಗಳೂರಿನ ಸೆಂಟ್ರಲ್ ಜೈಲು ಇದ್ದದ್ದು ಶೇಷಾದ್ರಿ ರಸ್ತೆಯಲ್ಲಿ, ಇಂದಿನ ಫ್ರೀಡಂ ಪಾರ್ಕ್ ಇರುವಲ್ಲಿ. ಆ ಜೈಲಿನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಓದುಬಲ್ಲ, ಬರೆಯಬಲ್ಲ ಕೈದಿಗಳಿಂದ ಬಂದದ್ದು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ ಅಲ್ಲಿದ್ದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಜೈಲಿನ ದಿನಚರಿ ಆಮೇಲೆ ಅಚ್ಚಾಯಿತು. ಬುದ್ಧಿ ಬೆಳೆಯದ ಕೈದಿ ದಿನಚರಿ ಬರೆಯುವುದಿಲ್ಲ. ಅವನ ಇತಿಹಾಸ ಸಿಗಬೇಕಾದರೆ ಕೋರ್ಟಿನ ಕಡತದಲ್ಲಿ, ಆಸ್ಪತ್ರೆಯ ದಾಖಲೆಯಲ್ಲಿ, ಕೊನೆಗೆ ಸಾವಿನ ವರದಿಯಲ್ಲಿ ಹುಡುಕಬೇಕು.

ಹಾಗೆ ಸಿಕ್ಕ ಇತಿಹಾಸಗಳಲ್ಲಿ ಅಸ್ಸಾಮಿನ ಮಾಚಲ್ ಲಾಲುಂಗರ ಕಥೆಯನ್ನು ಯಾರೂ ಮರೆಯಬಾರದು. 1951ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ ಅವರನ್ನು ಬಂಧಿಸಿದರು. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ವೈದ್ಯರು ಈತ ಆರೋಗ್ಯವಾಗಿದ್ದಾನೆ ಎಂದು ಬರೆದುಕೊಟ್ಟರು. ಮನೆಗೆ ಕಳಿಸುವ ಬದಲು ಜೈಲಿಗೆ ಹಾಕಿದರು. ವಿಚಾರಣೆ ನಡೆಯಲಿಲ್ಲ. 2005ರಲ್ಲಿ, ಐವತ್ತನಾಲ್ಕು ವರ್ಷಗಳ ನಂತರ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಅವರನ್ನು ಬಿಟ್ಟರು. ಎರಡೇ ವರ್ಷದಲ್ಲಿ ಅವರು ಕಣ್ಣು ಮುಚ್ಚಿದರು. ಅವರನ್ನು ದ್ವೇಷಿಸಿದವರು ಯಾರೂ ಇರಲಿಲ್ಲ. ಅವರ ಕಡತವನ್ನು ತೆಗೆದು ನೋಡುವವರೂ ಇರಲಿಲ್ಲ.

ಇಂಥ ಕಡತಗಳನ್ನು ತೆಗೆದು ನೋಡುವಂತೆ ಮಾಡಿದವರಲ್ಲಿ ಪತ್ರಕರ್ತೆ ಶೀಲಾ ಬಾರ್ಸೆ ಒಬ್ಬರು. ಯಾವ ಅಪರಾಧವನ್ನೂ ಮಾಡದ ಮಾನಸಿಕ ಅಸ್ವಸ್ಥರನ್ನು ದೇಶದ ಜೈಲುಗಳಲ್ಲಿ ಇಟ್ಟಿದ್ದಾರೆ ಎಂದು ಅವರು ಸುಪ್ರೀಂ ಕೋರ್ಟಿನ ಮುಂದೆ ಹೋದರು. ಪಶ್ಚಿಮ ಬಂಗಾಳದ ಜೈಲುಗಳಿಗೆ ಹೋಗಿ ಕಣ್ಣಾರೆ ಕಂಡು ವರದಿ ಕೊಡಲು ಕೋರ್ಟು ಇಬ್ಬರನ್ನು ನೇಮಿಸಿತು. ಒಬ್ಬರು ಕಾನೂನು ವಿದ್ವಾಂಸೆ ಅಮಿತಾ ಧಾಂಡಾ, ಇನ್ನೊಬ್ಬರು ನಮ್ಮ ನಿಮ್ಹಾನ್ಸಿನ ಮನೋವೈದ್ಯ ಡಾ. ಆರ್. ಶ್ರೀನಿವಾಸಮೂರ್ತಿ. 1993ರ ಆಗಸ್ಟಿನಲ್ಲಿ ತೀರ್ಪು ಬಂತು: ಅಪರಾಧ ಮಾಡದ ಮಾನಸಿಕ ಅಸ್ವಸ್ಥರನ್ನು ಜೈಲಿಗೆ ಹಾಕುವುದು ಕಾನೂನುಬಾಹಿರ, ಸಂವಿಧಾನಕ್ಕೆ ವಿರುದ್ಧ. ಸ್ವಾತಂತ್ರ್ಯ ಬಂದು ನಲವತ್ತಾರು ವರ್ಷಗಳ ಮೇಲೆ ಇಷ್ಟು ಸರಳ ಮಾತನ್ನು ಹೇಳಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು.

ಮುಂದೆ ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾದರು. ಆಗ ಆಯೋಗ ನಿಮ್ಹಾನ್ಸಿನ ಮೂಲಕ ದೇಶದ ಮಾನಸಿಕ ಆಸ್ಪತ್ರೆಗಳ ಸ್ಥಿತಿಗತಿಯ ಸಮೀಕ್ಷೆ ಮಾಡಿಸಿತು. ಡಾ. ಎಸ್.ಎಂ. ಚನ್ನಬಸವಣ್ಣನವರ ತಂಡ ಸಿದ್ಧಪಡಿಸಿದ ಆ ವರದಿ 1999ರಲ್ಲಿ ಹೊರಬಂತು. ಎಷ್ಟೋ ಆಸ್ಪತ್ರೆಗಳು ಜೈಲಿನ ಹಾಗೆಯೇ ಇವೆ ಎಂಬುದನ್ನು ಅದು ತೆರೆದಿಟ್ಟಿತು. ಆಸ್ಪತ್ರೆಗಳಾಯಿತು, ಜೈಲುಗಳ ಒಳಗೇನಿದೆ ಎಂಬ ಪ್ರಶ್ನೆ ಉಳಿದಿತ್ತು.

ಅದಕ್ಕೆ ಉತ್ತರವೂ ಬೆಂಗಳೂರಿನಿಂದಲೇ ಬಂತು. ಹಳೆಯ ಜೈಲಿನ ಕೈದಿಗಳನ್ನು 2000ದ ಸುಮಾರಿಗೆ ಪರಪ್ಪನ ಅಗ್ರಹಾರದ ಹೊಸ ಕೇಂದ್ರ ಕಾರಾಗೃಹಕ್ಕೆ ಸಾಗಿಸಿದ್ದರು. 2008-09ರಲ್ಲಿ ಡಾ. ಸುರೇಶ್ ಬಾಡ ಮಠ, ಡಾ. ಪ್ರತಿಮಾ ಮೂರ್ತಿ ಮೊದಲಾದ ನಿಮ್ಹಾನ್ಸ್ ವೈದ್ಯರು ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಜೊತೆಗೂಡಿ ಆ ಜೈಲಿನೊಳಗೆ ಹೋದರು. ಇಲ್ಲೊಂದು ಅಲ್ಲೊಂದು ಮಾದರಿ ಆಯ್ದುಕೊಳ್ಳಲಿಲ್ಲ. 5024 ಕೈದಿಗಳನ್ನು ಪರೀಕ್ಷಿಸಿದರು. ಅವರಲ್ಲಿ 4002 ಜನರಿಗೆ, ಅಂದರೆ ನೂರಕ್ಕೆ ಸುಮಾರು ಎಂಬತ್ತು ಮಂದಿಗೆ, ಮಾನಸಿಕ ಕಾಯಿಲೆಯೋ ವ್ಯಸನವೋ ಒಂದಲ್ಲ ಒಂದಿತ್ತು. ತಂಬಾಕು, ಮದ್ಯ, ಗಾಂಜಾದಂಥ ವ್ಯಸನವನ್ನು ಪಕ್ಕಕ್ಕಿಟ್ಟು ಎಣಿಸಿದರೂ 1389 ಜನರಿಗೆ ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆ ಇತ್ತು. ನೂರಕ್ಕೆ 27.6. ಈ ಅಧ್ಯಯನ 2011ರಲ್ಲಿ 'ಮೈಂಡ್ಸ್ ಇಂಪ್ರಿಸನ್ಡ್' ಎಂಬ ಪುಸ್ತಕವಾಗಿ ಬಂತು.

ಈ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರತಿ ವರ್ಷ ದೇಶದ ಜೈಲುಗಳ ಲೆಕ್ಕ ಕೊಡುತ್ತದೆ. ಅದರ ಈಚಿನ ವರ್ಷಗಳ ಪುಸ್ತಕಗಳಲ್ಲಿ ಮಾನಸಿಕ ಅಸ್ವಸ್ಥ ಕೈದಿಗಳ ಪ್ರಮಾಣ ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ವೈದ್ಯರು ಹೋಗಿ ಕೂತು ಮಾತಾಡಿಸಿದ ಜೈಲಿನಲ್ಲಿ ನಾಲ್ಕರಲ್ಲೊಬ್ಬರಿಗಿಂತ ಹೆಚ್ಚು, ರಿಜಿಸ್ಟರ್ ನೋಡಿ ಬರೆದ ಲೆಕ್ಕದಲ್ಲಿ ಐವತ್ತರಲ್ಲೊಬ್ಬರಿಗಿಂತ ಕಡಿಮೆ. ಗಲಾಟೆ ಮಾಡುವವನು, ತಲೆ ಚಚ್ಚಿಕೊಳ್ಳುವವನು ಮಾತ್ರ ರಿಜಿಸ್ಟರಿಗೆ ಬರುತ್ತಾನೆ. ಖಿನ್ನತೆಯಿಂದ ಮೂಲೆಯಲ್ಲಿ ಕೂತವನು ಒಳ್ಳೆಯ ಕೈದಿ ಅನ್ನಿಸಿಕೊಳ್ಳುತ್ತಾನೆ. ಬುದ್ಧಿಮಾಂದ್ಯರಿಗಂತೂ ಆ ಪುಸ್ತಕದಲ್ಲಿ ಪ್ರತ್ಯೇಕ ಅಂಕಣವೇ ಇಲ್ಲ.

ಯಾಕೆ ಇಲ್ಲ? ಕಾನೂನಿನ ನಡಿಗೆಯಲ್ಲೇ ಇದಕ್ಕೆ ಕಾರಣವಿದೆ. 1987ರ ಮಾನಸಿಕ ಆರೋಗ್ಯ ಕಾಯ್ದೆ ಹಳೆಯ ಹುಚ್ಚರ ಕಾಯ್ದೆಯ ಜಾಗಕ್ಕೆ ಬಂದಾಗ ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯಿಂದ ಬೇರ್ಪಡಿಸಿತು. ಅದು ಸರಿಯಾದ ಹೆಜ್ಜೆ. 1995ರ ಅಂಗವಿಕಲರ ಕಾಯ್ದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬುದ್ಧಿಮಾಂದ್ಯರನ್ನು ತಮ್ಮ ಮಡಿಲಿಗೆ ತೆಗೆದುಕೊಂಡವು. ಅದೂ ಸರಿ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 103ನೇ ಕಲಮು ಕೈದಿಗಳಿಗಾಗಿಯೇ ಇದೆ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದೊಳಗೆ ಮಾನಸಿಕ ಆರೋಗ್ಯ ಕೇಂದ್ರ ಇರಬೇಕು, ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಕೊಡಬೇಕು ಎನ್ನುತ್ತದೆ. ಈ ಕಾಯ್ದೆಯ ವ್ಯಾಖ್ಯೆಯೊಳಗೆ ಬುದ್ಧಿಮಾಂದ್ಯ ಬರುವುದಿಲ್ಲ. ಹೀಗಾಗಿ ಮೂರು ತಿಂಗಳ ವರದಿಯಲ್ಲಿ ಆ ಕೈದಿಯ ಹೆಸರಿರುವುದಿಲ್ಲ. ಇನ್ನೊಂದು ಕಡೆ ಅಂಗವಿಕಲರ ಇಲಾಖೆ ಶಾಲೆ, ಪಿಂಚಣಿ, ಬಸ್ ಪಾಸು, ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಎಂದು ದುಡಿಯುತ್ತದೆ, ಜೈಲಿನ ಗೇಟಿನವರೆಗೆ ಅದರ ಕೈ ಚಾಚುವುದಿಲ್ಲ. ಎರಡೂ ಕಾನೂನುಗಳು ಒಳ್ಳೆಯವೇ. ಇವೆರಡರ ನಡುವಿನ ಸಂದಿಯಲ್ಲಿ ಬಿದ್ದ ಮನುಷ್ಯನನ್ನು ಮಾತ್ರ ಯಾರೂ ಎತ್ತಿಕೊಂಡಿಲ್ಲ.

ಅವನಿಗೆಂದೇ ಒಂದು ದಾರಿ ಇದೆ, ಅದನ್ನು ಕೇಳುಗರು ಗಮನವಿಟ್ಟು ಕೇಳಬೇಕು. ದಂಡ ಪ್ರಕ್ರಿಯಾ ಸಂಹಿತೆಗೆ ಆದ ತಿದ್ದುಪಡಿ 2009ರ ಕೊನೆಗೆ ಜಾರಿಗೆ ಬಂತು. ಬುದ್ಧಿಮಾಂದ್ಯದ ಕಾರಣ ಆರೋಪಿ ತನ್ನ ಪರವಾಗಿ ವಾದ ಮಂಡಿಸಿಕೊಳ್ಳಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ, ಮೇಲ್ನೋಟಕ್ಕೆ ಆರೋಪ ಕಂಡರೂ, ಅವನ ವಿಚಾರಣೆಯನ್ನೇ ನಡೆಸಬಾರದು ಎಂದು ಅದು ಹೇಳಿತು. ಮನಸ್ಸಿನ ಕಾಯಿಲೆಯವನ ವಿಚಾರಣೆಯನ್ನು ಅವನು ಗುಣವಾಗುವವರೆಗೆ ಮುಂದೂಡಬಹುದು, ಬುದ್ಧಿಮಾಂದ್ಯನ ವಿಷಯದಲ್ಲಿ ಮುಂದೂಡಿ ಪ್ರಯೋಜನವಿಲ್ಲ ಎಂಬ ತಿಳಿವಳಿಕೆ ಈ ತಿದ್ದುಪಡಿಯ ಹಿಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಬೌದ್ಧಿಕ ಅಂಗವೈಕಲ್ಯವನ್ನು ಹೆಸರಿಸಿಯೇ ಹೇಳುತ್ತದೆ. ಇದು ದೊಡ್ಡ ರಕ್ಷಣೆ. ನ್ಯಾಯಾಧೀಶರ ಗಮನಕ್ಕೆ ಯಾರಾದರೂ ತಂದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಯಾರು ತರಬೇಕು? ಪೀಣ್ಯದ ಕಾರ್ಖಾನೆಗಳಲ್ಲೋ ರಾಜಾಜಿನಗರದ ಗ್ಯಾರೇಜುಗಳಲ್ಲೋ ಎತ್ತು-ಇಳಿಸು ಕೆಲಸ ಮಾಡಿಕೊಂಡಿರುವ ಒಬ್ಬ ಹುಡುಗನನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಸೌಮ್ಯ ಪ್ರಮಾಣದ ಬುದ್ಧಿಮಾಂದ್ಯ ಮುಖದಲ್ಲಿ ಕಾಣುವುದಿಲ್ಲ. ಅವನು ಬಸ್ ಹತ್ತುತ್ತಾನೆ, ಚಹಾ ತರುತ್ತಾನೆ, ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾನೆ. ಬಾಳಿನುದ್ದಕ್ಕೂ ದಡ್ಡ ಎಂದು ಬೈಸಿಕೊಂಡು ಬಂದವನಾದ್ದರಿಂದ ತನಗೆ ಅರ್ಥವಾಗಿಲ್ಲ ಎಂಬುದನ್ನು ಮರೆಮಾಚಲು ಕಲಿತಿರುತ್ತಾನೆ. ಠಾಣೆಯಲ್ಲಿ ಗದರಿಸಿ 'ನೀನೇ ಮಾಡಿದ್ದು ತಾನೇ?' ಎಂದರೆ ಅಲ್ಲಿಂದ ಬೇಗ ಬಿಡುಗಡೆ ಸಿಗಲಿ ಎಂದು ಹೌದು ಅನ್ನುತ್ತಾನೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನಮ್ಮ ಕಾನೂನಿನಲ್ಲಿ ಸಾಕ್ಷ್ಯವಾಗುವುದಿಲ್ಲ, ನಿಜ. ಅಷ್ಟರಲ್ಲಿ ಅವನು ಜೈಲು ಸೇರಿರುತ್ತಾನೆ. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿರುವುದಿಲ್ಲ. ಯಾವ ತಾರೀಖಿಗೆ ಕೋರ್ಟು, ವಕೀಲರ ಹೆಸರೇನು, ತನ್ನ ಮೇಲಿನ ಕೇಸು ಯಾವುದು ಎಂದು ಕೇಳಿದರೆ ಹೇಳಲಾರ. ಒಳಗೆ ಬೇರೆ ಕೈದಿಗಳು ಅವನಿಂದ ಬಟ್ಟೆ ಒಗೆಸಿಕೊಳ್ಳುತ್ತಾರೆ, ಅವನ ಊಟ ಕಿತ್ತುಕೊಳ್ಳುತ್ತಾರೆ, ಬೀಡಿ-ಗಾಂಜಾ ಬಚ್ಚಿಡಲು ಅವನನ್ನೇ ಬಳಸುತ್ತಾರೆ. ಸಿಕ್ಕಿಬಿದ್ದರೆ ಶಿಕ್ಷೆ ಅವನಿಗೆ.

ಇಂಗ್ಲೆಂಡಿಗೆ ಈ ಪಾಠ ಕಲಿಸಿದ್ದು 1972ರ ಒಂದು ಕೊಲೆ ಪ್ರಕರಣ. ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಎಂಬವರ ಕೊಲೆಯಲ್ಲಿ ಮೂವರು ಹುಡುಗರ ತಪ್ಪೊಪ್ಪಿಗೆ ಪಡೆದರು. ಅವರಲ್ಲಿ ಹದಿನೆಂಟು ವರ್ಷದ ಒಬ್ಬನ ಬುದ್ಧಿಯ ವಯಸ್ಸು ಎಂಟು. 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. ಆ ಪ್ರಕರಣದ ಬಿಸಿಯಿಂದ ಹುಟ್ಟಿದ 1984ರ ಪೊಲೀಸ್ ಕಾಯ್ದೆಯ ನಿಯಮಗಳ ಪ್ರಕಾರ ಅಂಥವರನ್ನು ವಿಚಾರಿಸುವಾಗ ಅವರ ಪಕ್ಕದಲ್ಲಿ ಜವಾಬ್ದಾರಿಯುತ ವಯಸ್ಕರೊಬ್ಬರು ಕೂತಿರಲೇಬೇಕು. ತಾಯಿಯೋ ಅಕ್ಕನೋ ಸಮಾಜ ಕಾರ್ಯಕರ್ತರೋ ಆಗಬಹುದು. ನಮ್ಮ ಪ್ರತಿ ಠಾಣೆಗೂ ಇಂಥದ್ದೊಂದು ನಿಯಮ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಹೊಸ ಕಟ್ಟಡ ಬೇಡ, ಕೋಟಿಗಟ್ಟಲೆ ಹಣವೂ ಬೇಡ.

ಗಲ್ಲು ಶಿಕ್ಷೆಯ ತನಕ ಹೋದವರ ಕಥೆ ಇನ್ನೂ ಭಾರವಾದದ್ದು. ಬೆಳಗಾವಿಯ ಹಿಂಡಲಗಾ ಜೈಲಿನ ಹೆಸರು ಇಲ್ಲಿ ಮತ್ತೆ ಮತ್ತೆ ಬರುತ್ತದೆ. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಹದಿನೈದು ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವರಲ್ಲಿ ಹಿಂಡಲಗಾದಲ್ಲಿದ್ದವರೂ ಇದ್ದರು. ಗಲ್ಲಿನ ನೆರಳಿನಲ್ಲಿ ಮತಿ ಕೆಟ್ಟವನನ್ನು ನೇಣಿಗೆ ಹಾಕಬಾರದು ಎಂದು ಆ ತೀರ್ಪು ಸ್ಪಷ್ಟವಾಗಿ ಹೇಳಿತು. 2019ರಲ್ಲಿ ಇನ್ನೊಂದು ತೀರ್ಪು ಶಿಕ್ಷೆಯ ನಂತರ ಬಂದ ತೀವ್ರ ಮಾನಸಿಕ ಕಾಯಿಲೆಯನ್ನೂ ಗಣನೆಗೆ ತೆಗೆದುಕೊಂಡಿತು. ಆ ಪೀಠದಲ್ಲಿ ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಇದ್ದರು. 2022ರ ನವೆಂಬರಿನಲ್ಲಿ ಪೀಣ್ಯದ 1998ರ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ಅಪರಾಧಿಯ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅವನ ಕೃತ್ಯ ಘೋರವಾದದ್ದು, ಅದರಿಂದ ನೊಂದ ಕುಟುಂಬದ ಸಂಕಟವನ್ನು ಕಡಿಮೆ ಮಾಡಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೂ ಅವನನ್ನು ಹಿಂಡಲಗಾದಲ್ಲಿ ಸುಮಾರು ಹತ್ತು ವರ್ಷ ಒಂಟಿ ಸೆರೆಯಲ್ಲಿ ಇಟ್ಟದ್ದು ಕಾನೂನಿಗೆ ವಿರುದ್ಧ, ಅದು ಅವನ ಆರೋಗ್ಯವನ್ನು ಕೆಡಿಸಿದೆ ಎಂದು ಕೋರ್ಟು ಕಂಡುಕೊಂಡು, ಗಲ್ಲಿನ ಬದಲು ಕನಿಷ್ಠ ಮೂವತ್ತು ವರ್ಷಗಳ ಸೆರೆವಾಸ ವಿಧಿಸಿತು. ಒಂಟಿತನ ಮನುಷ್ಯನ ಮನಸ್ಸಿಗೆ ಏನು ಮಾಡುತ್ತದೆ ಎಂಬುದು ಕರ್ನಾಟಕದ ಒಂದು ಜೈಲಿನ ಕಾರಣದಿಂದ ದೇಶದ ಕಾನೂನಿನ ಪುಸ್ತಕಕ್ಕೆ ಹೋಯಿತು.

ದೆಹಲಿಯ ಪ್ರಾಜೆಕ್ಟ್ 39ಎ ಎಂಬ ಸಂಶೋಧನಾ ತಂಡ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳಲ್ಲಿ ಮರಣದಂಡನೆಗೆ ಗುರಿಯಾದ 88 ಕೈದಿಗಳನ್ನು ಭೇಟಿಯಾಗಿ 2021ರಲ್ಲಿ ವರದಿ ಪ್ರಕಟಿಸಿತು. ನೂರಕ್ಕೆ 62 ಮಂದಿಗೆ ಮಾನಸಿಕ ಕಾಯಿಲೆ, ನೂರಕ್ಕೆ 11 ಮಂದಿಗೆ ಬುದ್ಧಿಮಾಂದ್ಯ. ಅಮೆರಿಕದ ಸುಪ್ರೀಂ ಕೋರ್ಟು ಬುದ್ಧಿಮಾಂದ್ಯರಿಗೆ ಮರಣದಂಡನೆ ಕೂಡದೆಂದು ಹೇಳಿದ್ದು 2002ರಲ್ಲಿ. ನಮ್ಮಲ್ಲಿ ಬುದ್ಧಿಮಾಂದ್ಯರು ಗಲ್ಲಿನ ಕೋಣೆಯವರೆಗೆ ತಲುಪಿದ್ದಾರೆ ಎಂಬುದು ಈ ವರದಿಯಿಂದ ತಿಳಿಯುತ್ತದೆ.

ಮತ್ತೆ ಮಾಗಡಿ ರಸ್ತೆಗೆ ಬರುತ್ತೇನೆ. ಮೈಸೂರು ಸಂಸ್ಥಾನ 1944ರಲ್ಲೇ ಭಿಕ್ಷಾಟನೆ ನಿಷೇಧಿಸುವ ಕಾಯ್ದೆ ತಂದಿತ್ತು. ಏಕೀಕೃತ ರಾಜ್ಯಕ್ಕೆ 1975ರಲ್ಲಿ ಹೊಸ ಕಾಯ್ದೆ ಬಂತು. ಭಿಕ್ಷೆ ಬೇಡುವವರನ್ನು ಹಿಡಿದು, ಒಂದು ವರ್ಷದಿಂದ ಮೂರು ವರ್ಷದವರೆಗೆ ಕೇಂದ್ರದಲ್ಲಿ ಇಡಲು ಅದರಲ್ಲಿ ಅವಕಾಶವಿದೆ. ಇದಕ್ಕೆ ಹಣ ಎಲ್ಲಿಂದ? ನಾವು ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಮೂರರಂತೆ ಭಿಕ್ಷುಕರ ಕರ ಇದೆ. ರಸೀದಿ ತೆಗೆದು ನೋಡಿದರೆ ಕಾಣುತ್ತದೆ. ಬಸವೇಶ್ವರನಗರದ, ವಿಜಯನಗರದ, ಕೆಂಗೇರಿಯ ಪ್ರತಿ ಮನೆಯೂ ಆ ಗೋಡೆಯೊಳಗಿನ ಊಟಕ್ಕೆ ಹಣ ಕೊಟ್ಟಿದೆ.

2010ರ ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನದ ಆಸುಪಾಸಿನ ಕೆಲವೇ ದಿನಗಳಲ್ಲಿ, ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾಂತಿ-ಭೇದಿ. ಸುದ್ದಿಯಾದ ಮೇಲೆ ಹಿಂದಿನ ಲೆಕ್ಕ ತೆಗೆದರು. ಆ ವರ್ಷದ ಮೊದಲ ಎಂಟು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಅದೇ ಕೇಂದ್ರದಲ್ಲಿ ತೀರಿಹೋಗಿದ್ದರು. ಮುಖ್ಯಮಂತ್ರಿ ಬಂದರು, ತನಿಖೆಗೆ ಆದೇಶವಾಯಿತು, ಪತ್ರಿಕೆಗಳು ಬರೆದವು. ಒಳಗಿದ್ದವರಲ್ಲಿ ತಮ್ಮ ಊರಿನ ಹೆಸರೂ ಹೇಳಲಾರದವರಿದ್ದರು, ಮನಸ್ಸಿನ ಕಾಯಿಲೆಯವರಿದ್ದರು, ಬುದ್ಧಿ ಬೆಳೆಯದವರಿದ್ದರು. ಅವರು ಯಾರ ಮೇಲೂ ಕೈ ಮಾಡಿದವರಲ್ಲ. ಚಿಕಿತ್ಸೆಗೆ, ಆಸರೆಗೆ ಹೋಗಬೇಕಾದವರು ಭಿಕ್ಷುಕರ ಲೆಕ್ಕದಲ್ಲಿ ಬಂಧನಕ್ಕೆ ಬಂದಿದ್ದರು. ನಮ್ಮ ಬಡಾವಣೆಗಳ ನಡುವೆ, ನಮ್ಮ ಕರದ ಹಣದಲ್ಲಿ ನಡೆಯುವ ಜಾಗದಲ್ಲಿ ದಿನಕ್ಕೊಂದರಂತೆ ಹೆಣ ಹೊರಗೆ ಹೋಗುತ್ತಿದ್ದದ್ದು ಎಂಟು ತಿಂಗಳು ನಮಗೆ ತಿಳಿಯಲಿಲ್ಲ. ಅಧಿಕಾರಿಗಳ ಲೋಪದ ಮಾತು ಒಂದು ಕಡೆ ಇರಲಿ. ಇದರಲ್ಲಿ ನೆರೆಹೊರೆಯವರಾದ ನಮ್ಮೆಲ್ಲರ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ಈಚೆಗೆ ಕೆಲವು ಒಳ್ಳೆಯ ಸೂಚನೆಗಳು ಕಾಣುತ್ತಿವೆ. 2025ರ ಜುಲೈ 15ರಂದು ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಅಂಗವಿಕಲ ಕೈದಿಗಳ ಹಕ್ಕುಗಳ ಬಗ್ಗೆ ವಿವರವಾದ ನಿರ್ದೇಶನ ಕೊಟ್ಟಿತು. ಜೈಲಿಗೆ ಬಂದ ಕೂಡಲೇ ಅಂಗವೈಕಲ್ಯವನ್ನು ಗುರುತಿಸಬೇಕು, ಜೈಲಿನ ನಿಯಮಗಳನ್ನು ಅವರಿಗೆ ಅರ್ಥವಾಗುವ ಸರಳ ರೂಪದಲ್ಲಿ ತಿಳಿಸಬೇಕು ಎಂಬುದು ಅದರಲ್ಲಿ ಸೇರಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ದೆಹಲಿಯ ಲಾಂಪುರದ ಭಿಕ್ಷುಕರ ಕೇಂದ್ರದಲ್ಲಿ 2000ದಲ್ಲಿ ನಡೆದ ಸಾವುಗಳ ಪ್ರಕರಣದಲ್ಲಿ, ಇಂಥ ಕೇಂದ್ರಕ್ಕೆ ತಂದವರನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ವೈದ್ಯರು ಪರೀಕ್ಷಿಸಬೇಕೆಂದು ಅದೇ ನ್ಯಾಯಾಲಯ ಹೇಳಿತು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2024ರಲ್ಲಿ ಮಾನಸಿಕ ಅಸ್ವಸ್ಥರು ಮತ್ತು ಬುದ್ಧಿಮಾಂದ್ಯರಿಗೆಂದೇ ಉಚಿತ ಕಾನೂನು ನೆರವಿನ ಹೊಸ ಯೋಜನೆ ರೂಪಿಸಿದೆ. ಇವೆಲ್ಲ ಕಾಗದದಿಂದ ಇಳಿದು ಪರಪ್ಪನ ಅಗ್ರಹಾರದ ಗೇಟಿಗೆ, ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದ ಗೇಟಿಗೆ ಬರಬೇಕು. ಎರಡೂ ಕಡೆ ಹೊಸದಾಗಿ ಬಂದವರನ್ನು ಮೊದಲ ದಿನವೇ ಕನ್ನಡದಲ್ಲಿ, ಅವರ ಮನೆಮಾತಿನಲ್ಲಿ, ನಾಲ್ಕಾರು ಸರಳ ಪ್ರಶ್ನೆ ಕೇಳಿ ನೋಡುವ ತರಬೇತಿ ಪಡೆದ ಒಬ್ಬರು ಇರಬೇಕು. ಎಷ್ಟನೇ ತರಗತಿವರೆಗೆ ಓದಿದೆ, ಮನೆಗೆ ಹೋಗುವ ದಾರಿ ಯಾವುದು, ಐವತ್ತು ರೂಪಾಯಿಗೆ ಮೂವತ್ತರ ಸಾಮಾನು ತಂದರೆ ಚಿಲ್ಲರೆ ಎಷ್ಟು? ಅನುಮಾನ ಬಂದವರನ್ನು ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದರಾಯಿತು. ನಿಮ್ಹಾನ್ಸ್ ಇರುವ ಊರಿಗೆ ಇದು ಅಸಾಧ್ಯದ ಮಾತಲ್ಲ.

ಈ ಭಾಷಣ ಕೇಳುತ್ತಿರುವವರಲ್ಲಿ ಬುದ್ಧಿಮಾಂದ್ಯ ಮಕ್ಕಳಿರುವ ತಂದೆತಾಯಿಗಳಿರಬಹುದು, ಮನೆಯವರೊಬ್ಬರು ಜೈಲಿನಲ್ಲಿರುವವರೂ ಇರಬಹುದು. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮಗ ಬೆಳೆದು ದೊಡ್ಡವನಾಗಿದ್ದಾನೆ, ಇನ್ನೇಕೆ ಎಂದು ಯುಡಿಐಡಿ ಕಾರ್ಡು ಮಾಡಿಸದೆ ಬಿಡಬೇಡಿ. ಅದರ ನಕಲನ್ನು ಅವನ ಜೇಬಿನಲ್ಲಿಡಿ. ಹಳೆಯ ಶಾಲೆಯ ದಾಖಲೆ, ನಿಮ್ಹಾನ್ಸಿನ ಚೀಟಿ, ಮಾತ್ರೆಯ ಪಟ್ಟಿ ಎಸೆಯಬೇಡಿ. ಮನೆಯವರನ್ನು ಪೊಲೀಸರು ಕರೆದೊಯ್ದರೆ ಆ ಕಾಗದಗಳನ್ನು ಮೊದಲ ದಿನವೇ ಮ್ಯಾಜಿಸ್ಟ್ರೇಟರ ಕೈಗೆ ತಲುಪಿಸಿ. ನಾಚಿಕೆಯಿಂದ ಮುಚ್ಚಿಡಬೇಡಿ. ವಿಜಯನಗರದಿಂದ ಈಗ ಮೆಟ್ರೋದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಆರ್.ವಿ. ರಸ್ತೆ, ಅಲ್ಲಿ ಹಳದಿ ಮಾರ್ಗ ಹಿಡಿದರೆ ಹೊಸ ರೋಡ್ ನಿಲ್ದಾಣದವರೆಗೆ ಹೋಗಬಹುದು, ಜೈಲು ಅಲ್ಲಿಗೆ ಹತ್ತಿರ. ಹೋಗಿ ಬನ್ನಿ. ಭೇಟಿಗೆ ಯಾರೂ ಬಾರದ ಕೈದಿಯ ಕಷ್ಟ ಹೊರಗೆ ಬರುವುದೇ ಇಲ್ಲ. ಮನಸ್ಸಿನ ತೊಂದರೆಗೆ ಸಲಹೆ ಬೇಕಾದರೆ ಟೆಲಿ-ಮಾನಸ್ ಸಂಖ್ಯೆ 14416. ಉಚಿತ ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ ಸಂಖ್ಯೆ 15100. ಈ ಎರಡೂ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ, ಬೇಕಾದವರಿಗೆ ಹೇಳಿ.